ಓದುವುದು ಒಂದು, ಹಾಡಿಸುವುದು ಇನ್ನೊಂದು

ಸಿಡಿ ಪ್ಲೇಯರ್ ಅಂತ ನಾವು ಕರೆಯುವ ಡಬ್ಬಿಯೊಳಗೆ ಎರಡು ಬೇರೆ ಬೇರೆ ಕೆಲಸ ನಡೆಯುತ್ತವೆ. ತಿರುಗುವ ಡಿಸ್ಕಿನ ಮೇಲೆ ಲೇಸರ್ ಬಿಟ್ಟು, ಅದರಲ್ಲಿ ಬರೆದ ಅಂಕಿಗಳನ್ನು ಓದುವುದು ಒಂದು. ಆ ಅಂಕಿಗಳನ್ನು ಆ್ಯಂಪ್ಲಿಫೈಯರಿಗೆ ಕೊಡಬಹುದಾದ ವಿದ್ಯುತ್ ಅಲೆಯಾಗಿ ಬದಲಿಸುವುದು ಇನ್ನೊಂದು. ಮೊದಲನೆಯದು ಮೋಟಾರು, ಹಲ್ಲುಚಕ್ರ, ಗ್ರೀಸು, ಲೆನ್ಸುಗಳ ಕೆಲಸ. ಎರಡನೆಯದು ಕೂತಲ್ಲೇ ಕೂತಿರುವ ಚಿಪ್ಪಿನ ಕೆಲಸ. ಒಂದು ದಿನದಿನಕ್ಕೂ ಸವೆಯುತ್ತದೆ, ಇನ್ನೊಂದಕ್ಕೆ ಸವೆತವೇ ಇಲ್ಲ ಅನ್ನಬೇಕು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿಟ್ಟರೆ, ಮೊದಲನೆಯದು ಕೆಟ್ಟ ದಿನ ಎರಡನೆಯದೂ ಅದರ ಜೊತೆಗೇ ಮೂಲೆ ಸೇರುತ್ತದೆ.

ಆದ್ದರಿಂದ ಓದುವುದಕ್ಕೇ ಒಂದು ಪೆಟ್ಟಿಗೆ, ಬದಲಿಸುವುದಕ್ಕೇ ಇನ್ನೊಂದು ಪೆಟ್ಟಿಗೆ ಇಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಓದುವುದನ್ನು ಸಿಡಿ ಟ್ರಾನ್ಸ್‌ಪೋರ್ಟ್ ಅನ್ನುತ್ತಾರೆ, ಬದಲಿಸುವುದನ್ನು ಡ್ಯಾಕ್ ಅನ್ನುತ್ತಾರೆ. ನಡುವೆ ಒಂದು ತಂತಿ. ಇದರಿಂದ ನಾದ ಸ್ವರ್ಗಕ್ಕೇರುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ, ನಾನು ಹಾಗೆ ಹೇಳುವುದಿಲ್ಲ. ನನಗೆ ಮುಖ್ಯ ಡಿಸ್ಕುಗಳು. ಅವು ಇನ್ನೂ ಎಷ್ಟು ವರ್ಷ ಹಾಡಬಲ್ಲವು ಅನ್ನುವ ಪ್ರಶ್ನೆಗೆ ಈ ಜೋಡಿ ಒಳ್ಳೆಯ ಉತ್ತರ.

ಪುಣೆಯ ಕೋಥ್ರೂಡಿನ ನಮ್ಮ ಮನೆಯಲ್ಲಿ ಅಪ್ಪ ಕೂಡಿಟ್ಟ ಸಿಡಿಗಳದೇ ಒಂದು ಕಪಾಟಿದೆ. ಧಾರವಾಡ ಬಿಟ್ಟು ಪಿಂಪ್ರಿಯ ಕಾರ್ಖಾನೆಗೆ ಕೆಲಸಕ್ಕೆ ಬಂದವರು ಅವರು. ಮನೆ ಬದಲಿಸುವಾಗ ಅವ್ವ ಪಾತ್ರೆ ಕಟ್ಟಿಸುತ್ತಿದ್ದರೆ, ಅವರು ಡಿಸ್ಕುಗಳನ್ನು ಹಳೆಯ ಧೋತರದಲ್ಲಿ ಸುತ್ತಿ ತಾವೇ ಹೊತ್ತುಕೊಂಡು ಹೋಗುತ್ತಿದ್ದರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಕುಮಾರ ಗಂಧರ್ವ, ಭೀಮಸೇನ ಜೋಶಿ. ಧಾರವಾಡದವರಿಗೆ ಪುಣೆ ಪರ ಊರು ಅನ್ನಿಸದೆ ಇರುವುದಕ್ಕೆ ಇವರೂ ಒಂದು ಕಾರಣ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಕೊನೆಯುಸಿರೆಳೆದದ್ದು ಇಲ್ಲೇ, 1952ರಲ್ಲಿ. ಮರುವರ್ಷವೇ ಗದಗಿನ ಶಿಷ್ಯ ಭೀಮಸೇನರು ಗುರುವಿನ ಹೆಸರಿನಲ್ಲಿ ಶುರು ಮಾಡಿದ ಉತ್ಸವಕ್ಕೆ ಇವತ್ತಿಗೂ ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದುಕೊಂಡು ಜನ ಹೋಗುತ್ತಾರೆ. ನಮ್ಮ ಮನೆಯಿಂದಲೂ ಹೋಗುತ್ತೇವೆ.

ಇದೆಲ್ಲ ಈಗ ಫೋನಿನಲ್ಲೇ ಸಿಗುತ್ತದಲ್ಲ ಅಂತ ಕೇಳುವವರಿದ್ದಾರೆ. ಬಹಳಷ್ಟು ಸಿಗುತ್ತದೆ, ನಿಜ. ಆದರೆ ಕಪಾಟಿನಲ್ಲಿರುವ ಎಲ್ಲವೂ ಅಲ್ಲಿಲ್ಲ. ಸಿಕ್ಕವುಗಳಲ್ಲೂ ರಾಗದ ಹೆಸರು ತಪ್ಪಿರುತ್ತದೆ, ತಬಲಾ ಯಾರದು, ಹಾರ್ಮೋನಿಯಂ ಯಾರದು ಅನ್ನುವುದು ಇರುವುದೇ ಇಲ್ಲ. ನಿಧಾನದ ವಿಲಂಬಿತ ಮುಗಿದು ವೇಗದ ದ್ರುತ್ ಏಳುವ ಜಾಗದಲ್ಲಿ ಕತ್ತರಿ ಬಿದ್ದು ಒಂದು ಕ್ಷಣದ ಮೌನ ಬಂದುಬಿಡುತ್ತದೆ. ಆ ಕ್ಷಣದಲ್ಲಿ ತಂಬೂರಿ ಕಡಿಯುತ್ತದೆ. ತಂಬೂರಿ ಕಡಿದರೆ ಖಯಾಲಿನ ಬೆನ್ನೆಲುಬೇ ಮುರಿದಂತೆ. ನಿಮಿಷಕ್ಕೆ 78 ಸುತ್ತಿನ ತಟ್ಟೆಯ ಕಾಲದಲ್ಲಿ ನಮ್ಮ ಗಾಯಕರು ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದಲ್ಲಿ ರಾಗವನ್ನು ಹಿಂಡಿ ಕೊಡಬೇಕಿತ್ತು. ಎಲ್‌ಪಿ ಬಂದ ಮೇಲೆ ಇಪ್ಪತ್ತು ನಿಮಿಷ ಚಿಲ್ಲರೆ ಸಿಕ್ಕಿತು. ಎದ್ದು ಮಗ್ಗುಲು ತಿರುಗಿಸದೆ ಒಂದು ರಾಗವನ್ನು ಗಂಟೆಗೂ ಮೀರಿ ಕೇಳುವ ಅನುಕೂಲ ಮನೆಗೆ ಬಂದದ್ದು 74 ನಿಮಿಷದ ಸಿಡಿಯಿಂದ. ಹಿಂದುಸ್ತಾನಿ ಕೇಳುವವರಿಗೆ ಇದು ಸಣ್ಣ ಸಂಗತಿಯಲ್ಲ.

ಮನೆಯ ಹಳೆಯ ಪ್ಲೇಯರ್ ಡಿಸ್ಕು ನುಂಗಿ, ಸ್ವಲ್ಪ ಹೊತ್ತು ಕರಕರ ಅಂದು, ಡಿಸ್ಕೇ ಇಲ್ಲ ಅಂತ ತೋರಿಸತೊಡಗಿದಾಗ ಅದನ್ನು ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ಒಯ್ದೆ. ದಗಡೂಶೇಠ್ ಗಣಪತಿಯ ಗದ್ದಲ ದಾಟಿದರೆ ಬಲ್ಬು, ವಾಯರು, ಸ್ಪೀಕರು, ಟ್ರಾನ್ಸ್‌ಫಾರ್ಮರುಗಳ ಸಂದಿ. ಅಲ್ಲಿ ಮಹಡಿ ಮೇಲೆ ಕೂತು ರಿಪೇರಿ ಮಾಡುವವರು ನಿಪ್ಪಾಣಿ ಕಡೆಯವರು. ಎಲ್ಲರ ಹತ್ತಿರ ಮರಾಠಿ ಆಡುತ್ತಾರೆ, ನನ್ನ ಮರಾಠಿಯೊಳಗಿನ ಧಾರವಾಡವನ್ನು ಗುರುತು ಹಿಡಿದ ಮೇಲೆ ಕನ್ನಡಕ್ಕೆ ಹೊರಳಿದರು.

ಮುಚ್ಚಳ ಬಿಚ್ಚಿ ದೀಪ ಹಿಡಿದು ತೋರಿಸಿದರು. ಲೆನ್ಸು ಹೊತ್ತ ಗಾಡಿ ಹಿಂದೆ ಮುಂದೆ ಓಡಾಡುವ ಎರಡು ಉಕ್ಕಿನ ಸರಳುಗಳ ಮೇಲೆ ಬಿಳಿ ಇರಬೇಕಾದ ಗ್ರೀಸು ಹಳದಿಗಟ್ಟಿ ಮೇಣದಂತಾಗಿತ್ತು. ಬೆರಳಿನಿಂದ ಗಾಡಿಯನ್ನು ದೂಡಿದರೆ ಅರ್ಧಕ್ಕೆ ತಡೆದು ನಿಲ್ಲುತ್ತಿತ್ತು. ಲೆನ್ಸಿನ ಮೇಲೆ ನೀಲಿ ಹೊಳಪಿನ ಬದಲು ತೆಳ್ಳನೆ ಮಂಜು.

"ಇದರ ಕಣ್ಣ ಹೋಗೇತ್ರಿ ಸಾಹೇಬ್ರ. ಗ್ರೀಸ್ ಬದಲಿ ಮಾಡತೀನಿ, ಲೆನ್ಸ್ ಒರಸತೀನಿ, ಆರು ತಿಂಗಳು ನಡೀಬಹುದು. ಲೇಸರ್ರೇ ಕಸುವು ಕಳಕೊಂಡೇತಿ. ಈ ಹೆಡ್ ಈಗ ಬರಂಗಿಲ್ರಿ. ಬಂದ್ರೂ ಡುಪ್ಲಿಕೇಟ್."

"ಮತ್ತ ಈ ಬೋರ್ಡು?"

"ಬೋರ್ಡಿಗೇನ ಆಗೇತ್ರಿ? ಅದು ಹಂಗs ಐತಿ."

ಬೋರ್ಡು ಹಾಗೇ ಇತ್ತು. ಅಂಕಿಯನ್ನು ನಾದ ಮಾಡುವ ಭಾಗಕ್ಕೆ ಏನೂ ಆಗಿರಲಿಲ್ಲ, ಆದರೆ ಅದಕ್ಕೆ ಹೊರಗಿನಿಂದ ಅಂಕಿ ಕೊಡುವ ದಾರಿ ಇರಲಿಲ್ಲ. ಒಳ್ಳೆಯ ಕಂಠದ ಬೋರ್ಡು, ಕಣ್ಣಿಲ್ಲದ ಕಾರಣಕ್ಕೆ ಮೂಕವಾಗಿತ್ತು. ಎರಡನ್ನೂ ಬೇರೆ ಮಾಡಬೇಕು ಅನ್ನುವ ವಿಚಾರ ನನ್ನಲ್ಲಿ ಗಟ್ಟಿಯಾದದ್ದು ಆ ಮಹಡಿಯ ಮೇಲೆ.

ಈ ಕಣ್ಣು ಮಾಡುವ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಟ್ರಾನ್ಸ್‌ಪೋರ್ಟ್ ಬಗ್ಗೆ ಹಬ್ಬಿರುವ ಅರ್ಧ ಮಾತುಗಳು ಇದನ್ನು ನೋಡದೆ ಆಡಿದವು. ಸಿಡಿಯ ಮೇಲೆ ಒಳಗಿನಿಂದ ಹೊರಕ್ಕೆ ಸುರುಳಿ ಸುತ್ತಿದ ಒಂದೇ ಗೆರೆ. ಸುತ್ತಿನಿಂದ ಸುತ್ತಿಗೆ ಇರುವ ಅಂತರ 1.6 ಮೈಕ್ರಾನ್. ಬಿಡಿಸಿ ಹಾಸಿದರೆ ಗೆರೆ 5 ಕಿಲೋಮೀಟರಿಗೂ ಉದ್ದ. ಆ ಗೆರೆಯ ಮೇಲಿನ ಕುಳಿಗಳನ್ನು 780 ನ್ಯಾನೊಮೀಟರಿನ, ಕಣ್ಣಿಗೆ ಕಾಣದ ಅವಗೆಂಪು ಲೇಸರ್ ಓದುತ್ತದೆ. ಗೆರೆ ಲೆನ್ಸಿನ ಕೆಳಗೆ ಒಂದೇ ವೇಗದಲ್ಲಿ, ಸೆಕೆಂಡಿಗೆ ಒಂದೂಕಾಲು ಮೀಟರಿನ ಆಸುಪಾಸು, ಹರಿಯಬೇಕು. ಅದಕ್ಕಾಗಿ ಒಳಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗುವ ಡಿಸ್ಕು ಹೊರ ಅಂಚಿಗೆ ಬರುವ ಹೊತ್ತಿಗೆ 200ಕ್ಕೆ ಇಳಿಯುತ್ತದೆ. ಡಿಸ್ಕು ಸ್ವಲ್ಪ ಸೊಟ್ಟಗಿದ್ದರೂ ಲೆನ್ಸು ತನ್ನ ಪಕ್ಕದ ವಿದ್ಯುತ್ ಕಾಯಿಲುಗಳ ಬಲದಿಂದ ಮೇಲೆ ಕೆಳಗೆ, ಅತ್ತ ಇತ್ತ ಸರಿಯುತ್ತ ಗೆರೆಯನ್ನು ಬಿಡದೆ ಹಿಂಬಾಲಿಸುತ್ತದೆ. ನಾವು ಆಲಾಪದಲ್ಲಿ ಮುಳುಗಿರುವಾಗ ಆ ಪುಟ್ಟ ಲೆನ್ಸು ಒಂದು ಕ್ಷಣವೂ ಸುಮ್ಮನಿರುವುದಿಲ್ಲ.

ಗೀರು ಬಿದ್ದ ಡಿಸ್ಕೂ ಹಾಡುವುದೇಕೆ? ಅದಕ್ಕೆ ಎರಡು ಕಾರಣ. ಲೇಸರ್ ಕಿರಣ ಪಾಲಿಕಾರ್ಬೊನೇಟಿನ 1.2 ಮಿಲಿಮೀಟರ್ ದಪ್ಪ ದಾಟಿ ಒಳಗೆ ಕೇಂದ್ರೀಕರಿಸುತ್ತದೆ. ಕುಳಿಗಳ ಮೇಲೆ ಒಂದೆರಡು ಮೈಕ್ರಾನಿನ ಚುಕ್ಕೆಯಾಗುವ ಅದೇ ಕಿರಣ ಡಿಸ್ಕಿನ ಹೊರಮೈ ಮೇಲೆ ಮುಕ್ಕಾಲು ಮಿಲಿಮೀಟರಿನಷ್ಟು ಅಗಲವಾಗಿ ಹರಡಿರುತ್ತದೆ. ಆದ್ದರಿಂದ ಧೂಳಿನ ಕಣ ಅದಕ್ಕೆ ಅಡ್ಡವೇ ಆಗುವುದಿಲ್ಲ. ಎರಡನೆಯ ಕಾರಣ ಬರವಣಿಗೆಯ ಕ್ರಮ. ಅಂಕಿಗಳನ್ನು ಸಾಲಾಗಿ ಬರೆದಿಲ್ಲ, ಚದುರಿಸಿ, ರೀಡ್–ಸಾಲಮನ್ ಅನ್ನುವ, ತಪ್ಪು ತಿದ್ದುವ ಲೆಕ್ಕದ ಹೆಚ್ಚುವರಿ ಅಂಕಿಗಳನ್ನು ಸೇರಿಸಿ ಬರೆದಿದ್ದಾರೆ. ಗೆರೆಯುದ್ದಕ್ಕೆ ಸುಮಾರು 2.5 ಮಿಲಿಮೀಟರ್ ಪೂರ್ತಿ ಅಳಿಸಿಹೋದರೂ ಉಳಿದವುಗಳಿಂದ ಲೆಕ್ಕ ಹಾಕಿ ಮೂಲ ಅಂಕಿಯನ್ನೇ ಹೊರತೆಗೆಯಬಹುದು. ಅದು ಅಂದಾಜಲ್ಲ, ಮೂಲವೇ. ಅದಕ್ಕೂ ಮೀರಿ ಹಾಳಾದರೆ ಮಾತ್ರ ಯಂತ್ರ ಅಕ್ಕಪಕ್ಕದ ಅಂಕಿ ನೋಡಿ ಅಂದಾಜು ಮಾಡುತ್ತದೆ. ಅದೂ ಸಾಗದಿದ್ದರೆ ಸದ್ದು ಅಡಗಿಸುತ್ತದೆ.

ಅಂದ ಮೇಲೆ, ಸರಿಯಾಗಿ ಓದಿದ ಎರಡು ಯಂತ್ರಗಳು ಓದಿದ್ದು ಒಂದೇ. ಇದನ್ನು ನಂಬಲು ಯಾರ ಕಿವಿಯೂ ಬೇಕಿಲ್ಲ. ಕಂಪ್ಯೂಟರಿಗೆ ಸಿಡಿ ಇಳಿಸಿಕೊಳ್ಳುವವರು ಆ್ಯಕ್ಯುರೇಟ್‌ರಿಪ್ ಅನ್ನುವ ಸಂಗ್ರಹ ಬಳಸುತ್ತಾರೆ. ನೀವು ಇಳಿಸಿಕೊಂಡ ಹಾಡಿನ ಅಂಕಿಗಳ ಮೊತ್ತ, ಅದೇ ಡಿಸ್ಕನ್ನು ಇನ್ನೆಲ್ಲೋ ಇನ್ಯಾವುದೋ ಡ್ರೈವಿನಲ್ಲಿ ಇಳಿಸಿಕೊಂಡವರ ಮೊತ್ತಕ್ಕೆ ತಾಳೆಯಾಗುತ್ತದೆಯೇ ಅಂತ ಅದು ನೋಡುತ್ತದೆ. ಅಪ್ಪನ ಕಪಾಟಿನ ಡಿಸ್ಕುಗಳನ್ನು ನಾನು ಹೀಗೆ ತಾಳೆ ನೋಡಿದ್ದೇನೆ. ಅಗ್ಗದ ಡ್ರೈವಿನಲ್ಲಿ, ಗೀರುಗಳ ಸಮೇತ, ಬಹುತೇಕ ಎಲ್ಲವೂ ಕೊನೆಯ ಅಂಕಿಯವರೆಗೆ ಕೂಡಿಬಂದವು. ದುಬಾರಿ ಟ್ರಾನ್ಸ್‌ಪೋರ್ಟ್ "ಹೆಚ್ಚು ವಿವರ" ಓದುತ್ತದೆ ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಇಲ್ಲದ ವಿವರವನ್ನು ಎಲ್ಲಿಂದ ಓದೀತು?

ಹಾಗಾದರೆ ಟ್ರಾನ್ಸ್‌ಪೋರ್ಟಿನಲ್ಲಿ ಏನು ನೋಡಬೇಕು? ಹಳೆಯ, ಮೊಂಡು ಡಿಸ್ಕನ್ನೂ ಬಿಡದೆ ಓದಬೇಕು. ಸದ್ದು ಮಾಡಬಾರದು. ನನ್ನ ಮಟ್ಟಿಗೆ ಈ ಎರಡನೆಯದಕ್ಕೆ ಬಹಳ ಬೆಲೆ. ಕಂಪ್ಯೂಟರಿನ 48 ಪಟ್ಟು ವೇಗದ ಡ್ರೈವು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಹತ್ತಿರ ಹೋಗುತ್ತದೆ. ಅಂಥ ವೇಗಕ್ಕೆ ಕಟ್ಟಿದ ಯಂತ್ರವನ್ನು ಸಂಗೀತದ ವೇಗಕ್ಕೆ ಇಳಿಸಿದರೂ ಕೆಲವು ಗುಂಯ್‌ಗುಡುವುದನ್ನು ಬಿಡುವುದಿಲ್ಲ. ಸಿಡಿಯನ್ನಷ್ಟೇ ಓದುವ, ಒಂದೇ ವೇಗದ ಯಂತ್ರ ಹಾಕಿದ ಟ್ರಾನ್ಸ್‌ಪೋರ್ಟುಗಳಿವೆ, ಕೇಂಬ್ರಿಜ್ ಆಡಿಯೊದ ಸಿಎಕ್ಸ್‌ಸಿ ಅಂಥದ್ದು. ಆಡಿಯೊಲ್ಯಾಬಿನ 6000ಸಿಡಿಟಿ ಮುಂಚಿತವಾಗಿ ಓದಿ ನೆನಪಿನಲ್ಲಿಟ್ಟುಕೊಂಡು ಹೊರಗೆ ಕಳಿಸುವ ಜಾತಿ. ರಾತ್ರಿ ಹತ್ತರ ಮೇಲೆ ಪೌಡ್ ರಸ್ತೆಯ ಗಾಡಿಗಳು ಕಡಿಮೆಯಾದಾಗ, ವಿಲಂಬಿತದ ಎರಡು ಸ್ವರಗಳ ನಡುವೆ ಗಾಯಕ ಉಸಿರು ಹಿಡಿದ ಜಾಗದಲ್ಲಿ, ಮೋಟಾರಿನ ಸದ್ದು ಕೇಳಬಾರದು. ಡ್ಯಾಕಿನ ಅಳತೆಪಟ್ಟಿಯಲ್ಲಿರುವ ಎಷ್ಟೋ ಡೆಸಿಬಲ್ಲುಗಳಿಗಿಂತ ಈ ಮೌನ ನನ್ನ ಕಿವಿಗೆ ಹೆಚ್ಚು ಸಿಗುತ್ತದೆ.

ಇನ್ನು ನಡುವಿನ ತಂತಿ. ಅದರಲ್ಲಿ ಅಂಕಿ ಕಳಿಸುವ ಪದ್ಧತಿಗೆ ಎಸ್‌ಪಿಡಿಐಎಫ್ ಅನ್ನುತ್ತಾರೆ, ಆ ಹೆಸರಿನ ಮೊದಲೆರಡು ಅಕ್ಷರ ಸೋನಿ ಮತ್ತು ಫಿಲಿಪ್ಸ್ ಹೆಸರುಗಳವು. ಸಿಡಿಯ ನಿಯಮಗಳನ್ನು 1980ರಲ್ಲಿ ಬರೆದವರೂ ಈ ಇಬ್ಬರೇ. ಮಾರಾಟಕ್ಕೆ ಬಂದ ಮೊದಲ ಪ್ಲೇಯರು ಸೋನಿಯ ಸಿಡಿಪಿ-101, 1982ರ ಅಕ್ಟೋಬರಿನಲ್ಲಿ, ಜಪಾನಿನಲ್ಲಿ. ಸೆಕೆಂಡಿಗೆ 44,100 ಅಂಕಿ ಅನ್ನುವ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ನನಗೆ ಬಹಳ ದಿನ ಕುತೂಹಲವಿತ್ತು. ಆಗ ಡಿಜಿಟಲ್ ನಾದವನ್ನು ಹಿಡಿದಿಡಲು ವಿಡಿಯೊ ಟೇಪನ್ನು ಬಳಸುತ್ತಿದ್ದರು. ಸೆಕೆಂಡಿಗೆ 60 ಫೀಲ್ಡು (ಟಿವಿ ಚಿತ್ರದ ಅರ್ಧ ಚೌಕಟ್ಟು), ಫೀಲ್ಡಿಗೆ ಬಳಸಬಹುದಾದ 245 ಗೆರೆ, ಗೆರೆಗೆ 3 ಅಂಕಿ. ಗುಣಿಸಿದರೆ 44,100. ಯುರೋಪಿನ ಲೆಕ್ಕ 50, 294 ಮತ್ತು 3. ಅದನ್ನು ಗುಣಿಸಿದರೂ 44,100. ಟಿವಿ ಚಿತ್ರದ ಗೆರೆಗಳ ಲೆಕ್ಕ ಇವತ್ತಿಗೂ ನಮ್ಮ ಮನೆಯಲ್ಲಿ ಮನಸೂರರ ಕಂಠವನ್ನು ಹೊತ್ತು ನಿಂತಿದೆ. ಇದನ್ನು ನೆನೆದಾಗಲೆಲ್ಲ ನನಗೆ ಹಿಗ್ಗು.

ತಂತಿಯಲ್ಲಿ ಅಂಕಿಯ ಜೊತೆಗೆ ತಾಳವೂ ಹರಿಯುತ್ತದೆ. ಯಾವ ಅಂಕಿಯನ್ನು ಯಾವ ಕ್ಷಣ ಹೊರಗೆ ಬಿಡಬೇಕು ಅನ್ನುವ ಗಡಿಯಾರವನ್ನು ಡ್ಯಾಕು ಅದೇ ಸಂಕೇತದಿಂದ ಹೆಕ್ಕಿಕೊಳ್ಳಬೇಕು. ಆ ಹೆಕ್ಕುವಿಕೆಯಲ್ಲಿ ಕ್ಷಣಗಳು ಅತಿ ಸೂಕ್ಷ್ಮವಾಗಿ ಹಿಂದೆ ಮುಂದೆ ಆಗುವುದಕ್ಕೆ ಜಿಟರ್ ಅನ್ನುತ್ತಾರೆ. ಮೊದಮೊದಲ ಡ್ಯಾಕುಗಳಿಗೆ ಇದು ನಿಜವಾದ ಕಾಟವಾಗಿತ್ತು. ಟ್ರಾನ್ಸ್‌ಪೋರ್ಟು ಬದಲಿಸಿದರೆ ನಾದ ಬದಲಾಯಿತು ಅಂತ ಆಗಿನವರು ಹೇಳಿದ್ದರಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ಈಗಿನ ಒಳ್ಳೆಯ ಡ್ಯಾಕುಗಳು ಬಂದ ತಾಳವನ್ನು ಹಾಗೇ ನೆಚ್ಚಿಕೊಳ್ಳುವುದಿಲ್ಲ. ಕೆಲವು ಅದನ್ನು ಸೋಸುತ್ತವೆ, ಕೆಲವು ಅಂಕಿಗಳನ್ನು ನೆನಪಿನಲ್ಲಿ ಕೂಡಿಟ್ಟು ತಮ್ಮದೇ ಗಡಿಯಾರದಿಂದ ಬಿಡುತ್ತವೆ. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 50 ಭಾಗದಷ್ಟು ವ್ಯತ್ಯಾಸವಿದೆ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ ಎರಡು ಚಿಲ್ಲರೆ ಅಂಕಿ ಹಿಂದೆ ಬೀಳುತ್ತದೆ. 74 ನಿಮಿಷದ ಡಿಸ್ಕು ಪೂರ್ತಿ ಮುಗಿದಾಗ ಅಂತರ ಹತ್ತು ಸಾವಿರ ಅಂಕಿಯೊಳಗೆ, ಅಂದರೆ ಕಾಲು ಸೆಕೆಂಡಿನೊಳಗೆ. ಅರ್ಧ ಸೆಕೆಂಡಿನ ನೆನಪು ಇದ್ದರೆ ಇಡೀ ಡಿಸ್ಕಿಗೆ ಸಾಕು. ಇಷ್ಟು ಸರಳವಾಗಿ ಪರಿಹಾರವಾಗುವ ತೊಂದರೆಯ ಹೆಸರಿನಲ್ಲಿ ಸಾವಿರಾರು ರೂಪಾಯಿಯ ಡಿಜಿಟಲ್ ಕೇಬಲ್ ಮಾರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. 75 ಓಮಿನ ಸಾಧಾರಣ ಒಳ್ಳೆಯ ಕೋಆಕ್ಸಿಯಲ್ ತಂತಿ, ಅಂದರೆ ಟಿವಿ ಕೇಬಲ್ಲಿನ ಜಾತಿಯ ಲೋಹದ ತಂತಿ, ಸಾಕು. ಮಿಕ್ಕ ದುಡ್ಡು ಸ್ಪೀಕರಿಗೆ ಹಾಕಿ.

ಕೋಆಕ್ಸಿಯಲ್ ಬೇಕೋ ಆಪ್ಟಿಕಲ್ ಬೇಕೋ ಅನ್ನುವ ವಾದಕ್ಕೆ ನಮ್ಮ ಮನೆಗಳಲ್ಲಿ ಬೇರೆಯೇ ಉತ್ತರವಿದೆ. ಟಿವಿಯ ಸೆಟ್‌ಟಾಪ್ ಬಾಕ್ಸಿಗೆ ಹೊರಗಿನಿಂದ ಕೇಬಲ್ ಬರುತ್ತದೆ, ಆ ಬಾಕ್ಸು ಅದೇ ಆ್ಯಂಪಿಗೆ ಜೋಡಣೆಯಾಗಿರುತ್ತದೆ, ಹಳೆಯ ಕಟ್ಟಡದ ಅರ್ಥಿಂಗ್ ಹೇಗಿರುತ್ತದೋ ಹಾಗಿರುತ್ತದೆ. ಎಲ್ಲವೂ ಲೋಹದ ತಂತಿಗಳಿಂದ ಕೂಡಿಕೊಂಡಾಗ ಒಂದು ಸುತ್ತು ಏರ್ಪಟ್ಟು ಸ್ಪೀಕರಿನಲ್ಲಿ 50 ಹರ್ಟ್ಸಿನ ಗುಂ ಶುರುವಾಗುತ್ತದೆ. ತಂಬೂರಿಯ ಖರಜದ, ಅಂದರೆ ಮಂದ್ರ ಷಡ್ಜದ, ತಂತಿಯ ಪಕ್ಕದಲ್ಲಿ ಬೇಡದ ಇನ್ನೊಂದು ಶ್ರುತಿ. ನಮ್ಮಲ್ಲಿ ಇದಕ್ಕೆ ಸೆಟ್‌ಟಾಪ್ ಬಾಕ್ಸಿನ ಕೇಬಲ್ಲೇ ಮೂಲವಾಗಿತ್ತು, ಅದನ್ನು ಕಿತ್ತರೆ ಗುಂ ನಿಲ್ಲುತ್ತಿತ್ತು. ಟ್ರಾನ್ಸ್‌ಪೋರ್ಟಿನ ಕಡೆಯಿಂದಲೂ ಆ ಸುತ್ತಿಗೆ ಇನ್ನೊಂದು ಕೊಂಡಿ ಕೂಡುವುದು ಬೇಡ ಅಂತ ಡ್ಯಾಕಿಗೆ ಆಪ್ಟಿಕಲ್ ಹಾಕಿದೆ. ಅದರಲ್ಲಿ ಬೆಳಕು ಮಾತ್ರ ಹೋಗುತ್ತದೆ, ವಿದ್ಯುತ್ತು ಹೋಗುವುದಿಲ್ಲ. ಆಪ್ಟಿಕಲ್ಲಿನಲ್ಲಿ ಜಿಟರ್ ಜಾಸ್ತಿ ಅನ್ನುತ್ತಾರೆ, ಇರಬಹುದು. ಮೇಲೆ ಹೇಳಿದ ಕಾರಣಕ್ಕೆ ಅದು ನನಗೆ ಚಿಂತೆಯಲ್ಲ. ಗುಂ ಚಿಂತೆ.

ಡ್ಯಾಕಿನ ಬಗ್ಗೆ ಬರೆಯುವವರು ಹೆಚ್ಚು, ಹಾಗಾಗಿ ಇಲ್ಲಿ ಚುಟುಕಾಗಿ ದಾಟುತ್ತೇನೆ. ಸಿಡಿಯ ಪ್ರತಿ ಅಂಕಿಗೆ 16 ಬಿಟ್, ಅಂದರೆ 65,536 ಮೆಟ್ಟಿಲು, ಸುಮಾರು 96 ಡೆಸಿಬಲ್ಲಿನ ಹರವು. ರೆಸಿಸ್ಟರುಗಳ ಏಣಿ ಕಟ್ಟಿ ಮೆಟ್ಟಿಲನ್ನು ನೇರವಾಗಿ ವೋಲ್ಟೇಜು ಮಾಡುವ ಹಳೆಯ ಪದ್ಧತಿಯಿದೆ, ಅತಿ ವೇಗದಲ್ಲಿ ಕೆಲವೇ ಮೆಟ್ಟಿಲುಗಳ ನಡುವೆ ಹಾರಾಡಿ ಸರಾಸರಿಯಲ್ಲಿ ನಾದ ಹೊರಡಿಸುವ ಡೆಲ್ಟಾ–ಸಿಗ್ಮಾ ಪದ್ಧತಿಯಿದೆ. ಮೊದಲ ಫಿಲಿಪ್ಸ್ ಪ್ಲೇಯರುಗಳಲ್ಲಿ ಇದ್ದದ್ದು 14 ಬಿಟ್ಟಿನ ಚಿಪ್ಪು. ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ, ಗದ್ದಲವನ್ನು ಕಿವಿಗೆ ಎಟುಕದ ಎತ್ತರಕ್ಕೆ ತಳ್ಳಿ, ಅದರಿಂದಲೇ 16 ಬಿಟ್ಟಿನ ಕೆಲಸ ತೆಗೆದರು. ಆ ಜಾಣತನದ ಮುಂದೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಈಗ ಮಧ್ಯಮ ಬೆಲೆಯ ಡ್ಯಾಕೂ ಸಿಡಿ ಕೇಳುವ 96 ಡೆಸಿಬಲ್ಲನ್ನು ಸಲೀಸಾಗಿ ದಾಟುತ್ತದೆ.

ನನ್ನ ಪರೀಕ್ಷೆ ತಂಬೂರಿ. ಪಿಯಾನೋ, ಡ್ರಮ್ಮು ಹಾಕಿ ಡ್ಯಾಕು ನೋಡುವವರಿದ್ದಾರೆ. ನಮ್ಮ ಕಿವಿ ಹುಟ್ಟಿನಿಂದ ಪಳಗಿದ್ದು ತಂಬೂರಿಯಲ್ಲಿ. ತಂತಿಗೆ ಆಧಾರವಾದ ಕುದುರೆ ಅನ್ನುವ ಪಟ್ಟಿಯ ಅಗಲ ಮೈಮೇಲೆ ತಂತಿ ನೂಲಿನ ಆಸರೆಯಲ್ಲಿ ಸವರಿಕೊಂಡು ಹೋಗುವಾಗ ಒಂದೊಂದೇ ಉಪಸ್ವರ ಏಳುತ್ತ, ಜವಾರಿ ಅನ್ನುವ ಝೇಂಕಾರ ಬಿಚ್ಚಿಕೊಳ್ಳುತ್ತ, ಮತ್ತೆ ಷಡ್ಜದಲ್ಲಿ ಕರಗುತ್ತದೆ. ಈ ಬಿಚ್ಚಿಕೊಳ್ಳುವಿಕೆ ಹಿತವಾಗಿದ್ದರೆ ಮೇಲಿನ ಆವರ್ತಗಳು ಸರಿಯಾಗಿವೆ. ಕೊರೆದಂತೆ, ಗಾಜು ಗೀರಿದಂತೆ ಕೇಳಿದರೆ ಎಲ್ಲೋ ಏನೋ ತಪ್ಪಿದೆ. ಬಹಳ ಸಂಕುಚಿಸಿದ ಎಂಪಿ3ಯಲ್ಲಿ ಇದೇ ಮೊದಲು ಕೆಡುವುದು.

ಈ ಪರೀಕ್ಷೆಯಿಂದಲೇ, ಟ್ರಾನ್ಸ್‌ಪೋರ್ಟು–ಡ್ಯಾಕು ಜೋಡಿ ಮಾಡುವವರು ಮರೆಯುವ ಒಂದು ಸಂಗತಿ ನನ್ನ ಕೈಗೆ ಸಿಕ್ಕಿತು. ಅದನ್ನು ಬಿಡಿಸಿ ಹೇಳಬೇಕು. 80ರ ದಶಕದ ಆರಂಭದ ಕೆಲವು ಡಿಸ್ಕುಗಳಲ್ಲಿ, ಜಪಾನಿನಲ್ಲಿ ಒತ್ತಿದವುಗಳಲ್ಲಿ ವಿಶೇಷವಾಗಿ, ಪ್ರಿ-ಎಂಫಸಿಸ್ ಅನ್ನುವ ಸಂಸ್ಕಾರ ಇರುತ್ತದೆ. ಆಗಿನ ಯಂತ್ರಗಳ ಗದ್ದಲ ತಗ್ಗಿಸಲು, ಬರೆಯುವಾಗ ಮೇಲಿನ ಆವರ್ತಗಳನ್ನು ಎತ್ತಿ ಬರೆಯುವುದು, ಕೇಳಿಸುವಾಗ ಅಷ್ಟೇ ಇಳಿಸುವುದು. ಎತ್ತಿದ್ದು ಸ್ವಲ್ಪವಲ್ಲ: 5 ಕಿಲೋಹರ್ಟ್ಸಿನಲ್ಲಿ ಸುಮಾರು 4.5 ಡೆಸಿಬಲ್, 10ರಲ್ಲಿ ಸುಮಾರು 7.6. "ಇದನ್ನು ಇಳಿಸು" ಅನ್ನುವ ಗುರುತು ಡಿಸ್ಕಿನಲ್ಲೇ ಇರುತ್ತದೆ. ಹಳೆಯ ಪ್ಲೇಯರುಗಳು ಅದನ್ನು ಓದಿ ತಾವೇ ಇಳಿಸುತ್ತಿದ್ದವು, ಕೇಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಎರಡು ಪೆಟ್ಟಿಗೆ ಮಾಡಿದಾಗ ಟ್ರಾನ್ಸ್‌ಪೋರ್ಟು ಆ ಗುರುತನ್ನು ತಂತಿಯಲ್ಲಿ ಮುಂದೆ ಕಳಿಸುತ್ತದೆ. ಅದನ್ನು ಗಮನಿಸಿ ಇಳಿಸುವ ಹೊಣೆ ಡ್ಯಾಕಿನದು. ಹೊಸ ಡ್ಯಾಕುಗಳಲ್ಲಿ ಹಲವು ಅದನ್ನು ನೋಡುವುದೇ ಇಲ್ಲ.

ಅಪ್ಪನ ಕಪಾಟಿನಲ್ಲಿ ಅಂಥ ಡಿಸ್ಕು ಒಂದಿದೆ, ಅವರ ಸಹೋದ್ಯೋಗಿಯೊಬ್ಬರು ಜಪಾನಿನಿಂದ ತಂದುಕೊಟ್ಟ ಪಿಯಾನೋ. ಹಳೆಯ ಪ್ಲೇಯರಿನಲ್ಲಿ ದುಂಡಗೆ ಕೇಳುತ್ತಿದ್ದ ಅದು, ಪರೀಕ್ಷೆಗೆ ತಂದ ಒಂದು ಡ್ಯಾಕಿನಲ್ಲಿ ತಗಡು ಬಡಿದಂತಾಯಿತು. ಅದೇ ಡ್ಯಾಕಿನಲ್ಲಿ ತಂಬೂರಿ ಹಿತವಾಗಿಯೇ ಇತ್ತು. ಆದ್ದರಿಂದ ತೊಂದರೆ ಡ್ಯಾಕಿನ ಸ್ವಭಾವದ್ದಲ್ಲ, ಆ ಡಿಸ್ಕಿನ ಗುರುತಿನದ್ದು ಅಂತ ಗೊತ್ತಾಯಿತು. ಬೇರೊಂದು ಡ್ಯಾಕು ಅದೇ ತಂತಿಯಲ್ಲಿ ಅದೇ ಡಿಸ್ಕನ್ನು ಮೊದಲಿನ ಹಾಗೆ ನುಡಿಸಿತು. ನಾನು ಇಟ್ಟುಕೊಂಡದ್ದು ಅದನ್ನೇ. ನಿಮ್ಮ ಹತ್ತಿರ ಆ ಕಾಲದ ಡಿಸ್ಕುಗಳಿದ್ದರೆ ಡ್ಯಾಕು ಕೊಳ್ಳುವ ಮೊದಲು ಡಿ-ಎಂಫಸಿಸ್, ಅಂದರೆ ಆ ಇಳಿಸುವ ವ್ಯವಸ್ಥೆ, ಇದೆಯೇ ಅಂತ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಡಿಸ್ಕನ್ನೇ ಒಯ್ದು ಹಾಕಿಸಿ ಕೇಳಿ. ನಮ್ಮ ಹಿಂದುಸ್ತಾನಿ ಡಿಸ್ಕುಗಳೇ ಇರುವವರಿಗೆ ಇದರ ಉಪದ್ರವ ಕಡಿಮೆ, ಆದರೂ ನೋಡಿಕೊಳ್ಳುವುದು ಒಳ್ಳೆಯದು.

ಎರಡು ಡ್ಯಾಕುಗಳನ್ನು ಹೋಲಿಸುವಾಗ ಇನ್ನೊಂದು ಎಚ್ಚರ. ಸಿಡಿ ಪ್ಲೇಯರುಗಳ ರೂಢಿಯ ಔಟ್‌ಪುಟ್ 2 ವೋಲ್ಟ್. ಕೆಲವು ಡ್ಯಾಕುಗಳು ಅದಕ್ಕಿಂತ ತುಸು ಹೆಚ್ಚು ಕೊಡುತ್ತವೆ. ತುಸು ಜೋರಾಗಿದ್ದದ್ದು ಕಿವಿಗೆ ಯಾವಾಗಲೂ ಹೆಚ್ಚು ತುಂಬಿದಂತೆ, ಹೆಚ್ಚು ಹತ್ತಿರವಾದಂತೆ ಕೇಳುತ್ತದೆ. ಒಂದೇ ಪರೀಕ್ಷಾ ಸ್ವರ ಹಾಕಿ, ಸ್ಪೀಕರಿನ ಕೊಂಡಿಗೆ ಮಲ್ಟಿಮೀಟರು ಹಿಡಿದು ಎರಡನ್ನೂ ಸಮ ಮಾಡಿ ಕೇಳಬೇಕು. ಹಾಗೆ ಸಮ ಮಾಡಿದ ಮೇಲೆ ಬಹಳಷ್ಟು ಅಗಾಧ ವ್ಯತ್ಯಾಸಗಳು ಕಾಣೆಯಾಗುತ್ತವೆ. ಉಳಿಯುವುದು ಸಣ್ಣದು, ನಿಜವಾದದ್ದು.

ಡಿಸ್ಕಿನ ಆರೈಕೆಯ ಮಾತೂ ಇಲ್ಲೇ ಬರಬೇಕು, ಓದಿಸಿಕೊಳ್ಳಲು ಡಿಸ್ಕು ಇರಬೇಕಲ್ಲ. ಕೆಳಮೈ ಮೇಲಿನ ಗೀರಿಗೆ ಎಲ್ಲರೂ ಹೆದರುತ್ತಾರೆ. ಹೆದರಬೇಕಾದದ್ದು ಹೆಸರು ಅಚ್ಚಾದ ಮೇಲ್ಮೈಗೆ. ಕೆಳಗೆ 1.2 ಮಿಲಿಮೀಟರ್ ಪಾಲಿಕಾರ್ಬೊನೇಟ್ ಕಾಯುತ್ತದೆ, ಮೇಲೆ ಅಲ್ಯೂಮಿನಿಯಂ ಪದರಕ್ಕೆ ಇರುವ ರಕ್ಷಣೆ ತೆಳ್ಳನೆಯ ಅರಗಿನ ಲೇಪ ಮಾತ್ರ. ಅಲ್ಲಿ ಗೀರಿದರೆ ಬರಹವೇ ಹೋಗುತ್ತದೆ. ಆ ಲೇಪ ಸರಿಯಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯಲ್ಲಿ 1988ರಿಂದ 1993ರ ನಡುವೆ ಒತ್ತಿದ ಕೆಲವು ಡಿಸ್ಕುಗಳೇ ಸಾಕ್ಷಿ: ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗಿ ಓದಲು ಬಾರದಂತಾದವು. ಪುಣೆಯ ಮಳೆಗಾಲದಲ್ಲಿ ನಾನು ಕಪಾಟಿನಲ್ಲಿ ಸಿಲಿಕಾ ಜೆಲ್ ಇಡುತ್ತೇನೆ. ಒಳಗಿನ ಕಾಗದದ ಹೊತ್ತಿಗೆಗೆ ಬೂಷ್ಟು ಹಿಡಿಯುವುದೂ ಅದರಿಂದ ತಪ್ಪುತ್ತದೆ. ಒರೆಸುವಾಗ ಸುತ್ತು ಸುತ್ತಾಗಿ ಒರೆಸಬಾರದು. ನಡುವಿನಿಂದ ಅಂಚಿಗೆ ನೇರ ಎಳೆಯಬೇಕು. ಗೆರೆಯುದ್ದಕ್ಕೆ ಬಿದ್ದ ಗೀರು ಒಂದೇ ಕಡೆಯ ಅಂಕಿಗಳನ್ನು ಸಾಲಾಗಿ ನುಂಗುತ್ತದೆ, ಅಡ್ಡ ಬಿದ್ದದ್ದನ್ನು ಲೆಕ್ಕ ಸರಿಪಡಿಸಿಕೊಳ್ಳುತ್ತದೆ.

ವರ್ಷಕ್ಕೊಮ್ಮೆ ಡಿಸ್ಕುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ರಾಜಗುರುಗಳ ಒಂದು ಡಿಸ್ಕಿನಲ್ಲಿ ಅಂಚಿನ ಹತ್ತಿರ ಸೂಜಿಮೊನೆಯಷ್ಟು ಬೆಳಕು ತೂರಿಬರುವ ರಂಧ್ರಗಳು ಕಾಣತೊಡಗಿವೆ. ಮೂರನೆಯ ಹಾಡಿನ ಕೊನೆಯ ಭಾಗ ಅದು. ಟ್ರಾನ್ಸ್‌ಪೋರ್ಟು ಈಗ ಅದನ್ನು ತಡವರಿಸದೆ ಓದುತ್ತದೆ, ಹಳೆಯ ಪ್ಲೇಯರು ತನ್ನ ಕೊನೆಗಾಲದಲ್ಲಿ ಅಲ್ಲಿ ಮುಗ್ಗರಿಸುತ್ತಿತ್ತು. ಆ ಡಿಸ್ಕನ್ನು ಕಂಪ್ಯೂಟರಿಗೂ ಇಳಿಸಿ ಎರಡು ಕಡೆ ಕಾಪಿಟ್ಟಿದ್ದೇನೆ. ಕಾಪಿಟ್ಟ ಮೇಲೂ ಕೇಳುವುದು ಡಿಸ್ಕಿನಲ್ಲೇ. ಅಪ್ಪ ಪೆನ್ನಿನಲ್ಲಿ ರಾಗದ ಪಕ್ಕ ಕೇಳಿದ ಹೊತ್ತನ್ನು ಬರೆದಿಡುತ್ತಿದ್ದರು. ಹೊತ್ತಿಗೆ ತೆರೆದು ಅದನ್ನು ನೋಡಿಕೊಂಡು, ಸಂಜೆಯ ರಾಗವನ್ನು ಸಂಜೆಯೇ ಹಾಕುವ ರೂಢಿ ನನಗೂ ಬಂದಿದೆ.

ಗಣೇಶನಗರದ ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಈ ಮಾತು ತೆಗೆದಾಗ ಗದಗಿನ ಕಡೆಯ ಹಿರಿಯರೊಬ್ಬರು ಪಟ್ಟು ಹಿಡಿದು ಕೇಳಿದರು. "ತಮ್ಮಾ, ಒಂದ ಡಬ್ಬಿಯೊಳಗ ಆಗೂದಕ್ಕ ಎರಡ್ಯಾಕೋ?"

"ಕಾಕಾ, ಒಂದು ಕೆಟ್ರ ಇನ್ನೊಂದು ಉಳೀತೈತ್ರಿ. ನಿಮ್ಮ ಮನ್ಯಾಗ ಹಳೇ ಡಿವಿಡಿ ಪ್ಲೇಯರ್ ಐತೇನ್ರಿ?"

"ಅಟ್ಟದ ಮ್ಯಾಲೆ ಬಿದ್ದೈತಿ."

ಅದರ ಹಿಂದೆ ಕೋಆಕ್ಸಿಯಲ್ ಅಥವಾ ಆಪ್ಟಿಕಲ್ ಔಟ್ ಇದ್ದರೆ ಅದೇ ಟ್ರಾನ್ಸ್‌ಪೋರ್ಟು. ದುಡ್ಡು ಹಾಕುವ ಮೊದಲು ಎಲ್ಲರೂ ಮಾಡಬೇಕಾದ ಪ್ರಯೋಗ ಇದು. ಮೆನುವಿನಲ್ಲಿ ಡಿಜಿಟಲ್ ಔಟ್ ಅನ್ನು ಪಿಸಿಎಂಗೆ, ಅಂದರೆ ಅಂಕಿಗಳನ್ನು ಸಂಕುಚಿಸದೆ ಕಳಿಸುವ ಬಗೆಗೆ, ಇಡಬೇಕು. ಕೆಲವು ಡಿವಿಡಿ ಪ್ಲೇಯರುಗಳಲ್ಲಿ ಹಾಡಿನ ಮೊದಲ ಅರೆಕ್ಷಣ ನುಂಗಿಹೋಗುತ್ತದೆ, ಕೆಲವು ಸದ್ದು ಮಾಡುತ್ತವೆ, ಟಿವಿ ಹಚ್ಚದೆ ಹಾಡಿನ ಸಂಖ್ಯೆ ನೋಡಲು ಆಗುವುದಿಲ್ಲ. ಆದರೆ ಅಂಕಿ ಅದೇ ಅಂಕಿ. ಒಂದು ಸಾಧಾರಣ ಡ್ಯಾಕು ಜೋಡಿಸಿ ಕೆಲವು ವಾರ ಕೇಳಿದರೆ, ಸದ್ದಿಲ್ಲದ ಯಂತ್ರಕ್ಕೆ ಖರ್ಚು ಮಾಡುವುದು ತನಗೆ ಬೇಕೋ ಬೇಡವೋ ಅನ್ನುವುದು ಅವರವರಿಗೇ ಗೊತ್ತಾಗುತ್ತದೆ. ಕಾಕಾ ಅವರ ಕೈಗೆ ಒಂದು ಮೀಟರಿನ ಕೋಆಕ್ಸಿಯಲ್ ತಂತಿ, ನನ್ನಲ್ಲಿ ಖಾಲಿ ಇದ್ದ ಡ್ಯಾಕು ಕೊಟ್ಟು ಕಳಿಸಿದ್ದೇನೆ. ಅವರ ಹತ್ತಿರ ಗಂಗೂಬಾಯಿಯವರ ಡಿಸ್ಕುಗಳು ನಮ್ಮಲ್ಲಿಗಿಂತ ಹೆಚ್ಚಿವೆಯಂತೆ. ಜೋಡಣೆ ನೋಡಲು ಈ ಭಾನುವಾರ ವಾರಜೆಯ ಅವರ ಮನೆಗೆ ಹೋಗುವುದಿದೆ, ಆಪ್ಟಿಕಲ್ ತಂತಿಯೂ ಚೀಲದಲ್ಲಿರುತ್ತದೆ, ಅಲ್ಲಿನ ಅರ್ಥಿಂಗ್ ಹೇಗಿದೆಯೋ ನೋಡಬೇಕು.